ಸ್ವಂತ ರೊಕ್ಕ ಅಂತ ಬರಕೊಳ್ರಿ

ಇಂಡಿ,
ರವಿವಾರ, ೨೦ ಜುಲೈ ೨೦೨೫

ಪ್ರೀತಿಯ ಮಗಳು ಶೈಲಶ್ರೀಗೆ ಅಪ್ಪನ ಆಶೀರ್ವಾದ.

ಹೇಗಿದ್ದೀ ಮಗಳೇ? ಜೋಧಪುರದಲ್ಲಿ ಬಿಸಿಲು ಇನ್ನೂ ಇಳಿದಿಲ್ಲವೆಂದು ನಿಮ್ಮ ಅವ್ವ ದಿನಾ ಟಿವಿ ನೋಡಿ ನನಗೆ ವರದಿ ಒಪ್ಪಿಸುತ್ತಾಳೆ. ನಮ್ಮ ಅಂಗಳದಲ್ಲಿ ಮಳೆ ಬಿದ್ದದ್ದನ್ನು ಮಾತ್ರ ಅವಳಿಗೆ ನಾನೇ ಹೇಳಬೇಕು. ರಾತ್ರಿ ಪಾಳಿ ಮುಗಿಸಿದ ಮೇಲೆ ಕಾಲು ಬಾತುಕೊಳ್ಳುತ್ತವೆ ಎಂದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಊರ ಮಂದಿಯ ಕಾಲು ನೋಡುವವಳು ನೀನು, ನಿನ್ನ ಕಾಲು ಯಾರು ನೋಡಬೇಕು. ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕುಳಿತುಕೋ. ಇದು ನಿನಗೆ ಗೊತ್ತಿಲ್ಲವೆಂದಲ್ಲ, ಅಪ್ಪ ಹೇಳಿದ ಎಂದಾದರೂ ಮಾಡಲಿ ಎಂದು ಬರೆದೆ. ಇಲ್ಲಿ ನಿಮ್ಮ ಅವ್ವನ ಮೊಣಕಾಲು ಮಳೆ ಬರುವುದನ್ನು ನಮಗಿಂತ ಒಂದು ದಿನ ಮೊದಲೇ ತಿಳಿಯುತ್ತವೆ. ನನ್ನ ಸಕ್ಕರೆ ನೀನು ಹೇಳಿದ ಮಟ್ಟದಲ್ಲೇ ಇದೆ, ಮುದ್ದೇಬಿಹಾಳಕ್ಕೆ ಹೋಗಿದ್ದ ದಿನ ಒಂದನ್ನು ಬಿಟ್ಟು. ಆ ದಿನದ ಸುದ್ದಿ ಮುಂದೆ ಬರುತ್ತದೆ. ನಿನ್ನ ತಮ್ಮ ಶ್ರೀಶೈಲ, ಅವನ ಹೆಂಡತಿ ದಾನೇಶ್ವರಿ ಸುಖವಾಗಿದ್ದಾರೆ. ಅವರ ಮಗಳು ಶ್ರಾವಣಿ ಪಂಚಮಿ ಎಂದರೆ ಜೋಕಾಲಿ ಎಂದು ಕಲಿತಿದ್ದಾಳೆ, "ಜೋಧಪುರ ಅತ್ತಿ ಜೋಕಾಲಿ ಆಡಾಕ ಬರ್ತಾಳೋ ಇಲ್ಲೋ" ಎಂದು ಮುಂಜಾನೆಯಿಂದ ನನ್ನ ಧೋತರ ಜಗ್ಗುತ್ತಿದ್ದಾಳೆ. ಬರುವುದಿಲ್ಲ, ಅವಳಿಗೆ ರಜೆ ಇಲ್ಲ ಎಂದರೆ ಅವಳ ತಲೆಗೆ ಹೋಗುವುದಿಲ್ಲ.

ಫೋನು ಕೈಯಲ್ಲೇ ಇರುವಾಗ ಅಪ್ಪನಿಗೆ ಕಾಗದ ಬರೆಯುವ ಹುಕಿ ಯಾಕೆ ಬಂತು ಎಂದು ನೀನು ನಗುತ್ತಿರಬೇಕು. ಕಾಗದ ಬರೆಯಲು ಕುಳಿತರೆ ನಾನು ಸಾಲಿ ಮಾಸ್ತರರ ಕನ್ನಡಕ್ಕೆ ಇಳಿಯುತ್ತೇನೆಂದು ಮೊದಲಿನಿಂದಲೂ ನಿನಗೆ ನಗು. ಇದರ ಜೊತೆ ನಿನ್ನ ಸಹಿ ಬೇಕಾದ ಕಾಗದಗಳಿವೆ, ಅವು ಅಂಚೆಯಲ್ಲೇ ಬಂದು ಅಂಚೆಯಲ್ಲೇ ಹೋಗಬೇಕು. ಅದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ. ಹೋದ ವಾರ ನೀನು ಫೋನಿನಲ್ಲಿ, ಬಸವನ ಬಾಗೇವಾಡಿಯಲ್ಲಿ ಇನ್ನೊಂದು ಪ್ಲಾಟು ಮಾರಾಟಕ್ಕೆ ಬಂದಿದೆ, ಮಾಲೀಕರು ದಸರೆಯ ತನಕ ತಡೆಯುತ್ತಾರೆ ಎಂದೆ. ನಾನು "ಹಲೋ, ಹಲೋ, ನಿನ್ನ ದನಿ ಕೇಳವಲ್ತವ್ವಾ, ನೆಟ್ವರ್ಕ್ ಹೋತು" ಎಂದು ಇಟ್ಟುಬಿಟ್ಟೆ. ನೆಟ್ವರ್ಕು ಎಲ್ಲಿಗೂ ಹೋಗಿರಲಿಲ್ಲ. ನಿನ್ನ ಹಿಂದೆ ವಾರ್ಡಿನಲ್ಲಿ ಯಾರೋ ಮಗುವಿಗೆ ಹಿಂದಿಯಲ್ಲಿ ಗದರಿಸುತ್ತಿದ್ದದ್ದೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದಾದ ಮೇಲೆ ಎರಡು ಸಲ ನೀನು ಫೋನ್ ಮಾಡಿದೆ, ಎರಡು ಸಲವೂ ನಿಮ್ಮ ಅವ್ವನ ಕೈಗೆ ಕೊಟ್ಟು ನಾನು ಗಿರಾಕಿ ಬಂದರೆಂದು ಎದ್ದು ಹೋದೆ. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಅಂಗಡಿಗೆ ಎಂಥ ಗಿರಾಕಿ ಬರುತ್ತಾರೆಂದು ನಿನಗೆ ಗೊತ್ತಿದೆ.

ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಅರ್ಧ ನಿನಗೆ ಗೊತ್ತು. ಉಳಿದರ್ಧ ಹೇಳಬೇಕೆಂದರೆ ಗೊತ್ತಿರುವುದರಿಂದಲೇ ಹೊರಡಬೇಕು, ಇಲ್ಲದಿದ್ದರೆ ನಾನು ನಡುವೆ ಎಲ್ಲಾದರೂ ತಪ್ಪಿಸಿಕೊಳ್ಳುತ್ತೇನೆ.

ಹೋದ ವರ್ಷದ ಮಾರ್ಚ್ ತಿಂಗಳು ನೆನಪಿದೆಯಲ್ಲ. ಮಳೆ ಕೈಕೊಟ್ಟಿತ್ತು, ನಿಂಬೆ ತೋಟದವರಿಗೆ ಉದ್ರಿ ಕೊಟ್ಟ ಹನಿ ನೀರಾವರಿ ಪೈಪಿನ ಹಣ ಒಂದೂ ವಸೂಲಾಗಿರಲಿಲ್ಲ. ಸೋಲಾಪುರದ ಪೈಪ್ ಕಾರ್ಖಾನೆಯವರಿಗೆ ನಾವು ಏಳು ಲಕ್ಷ ಕೊಡಬೇಕಾಗಿತ್ತು. ಅವರು ಒಳ್ಳೆಯವರು, ಇನ್ನೆರಡು ತಿಂಗಳು ತಡೆಯುತ್ತಿದ್ದರೋ ಏನೋ. ಆದರೆ ನಮ್ಮ ಅಂಗಡಿಯ ತೆರಿಗೆ ಕೆಲಸ ನೋಡುವ ಸಿಂದಗಿಯ ಇಬ್ರಾಹಿಂಸಾಬರು, ನೀನು ಸಣ್ಣವಳಿದ್ದಾಗ ಬಂದಾಗಲೆಲ್ಲ ನಿನಗೆ ಲಿಂಬಿಹುಳಿ ಪೆಪ್ಪರಮೆಂಟು ತರುತ್ತಿದ್ದರಲ್ಲ ಅವರೇ, ಓಡಿಬಂದರು. "ಬಸಂತರಾವ್ರ, ಹೊಸಾ ಕಾನೂನ ಬಂದೈತ್ರಿ. ಸೋಲಾಪುರದವರು ಸಣ್ಣ ಕಾರಖಾನಿ ಅಂತ ರಜಿಸ್ಟರ್ ಆದವರು. ಅಂಥವರ ಹಳೇ ಬಿಲ್ಲು ಮಾರ್ಚ್ ಮುಗಿಯೂದ್ರಾಗ ಮುಟ್ಟಸಲಿಲ್ಲಂದ್ರ ಆ ಮಾಲಿಂದು ಖರ್ಚು ಈ ವರ್ಷ ಹಿಡ್ಯಂಗಿಲ್ಲ. ನೀವು ಮಾಲು ಪುಕ್ಕಟ ತಂದು ಮಾರೀರಿ ಅನ್ನೂ ಹಂಗ ಟ್ಯಾಕ್ಸ್ ಬೀಳ್ತೈತಿ" ಎಂದರು. ಲೆಕ್ಕ ಹಾಕಿ ಹೇಳಿದಾಗ ಎರಡು ಲಕ್ಷದ ಮೇಲೆ ಬಂತು. ಬಾರದ ಹಣಕ್ಕೆ ಲಾಭದ ತೆರಿಗೆ ಕಟ್ಟುವುದೆಂದರೆ ನನ್ನ ತಲೆ ತಿರುಗಿತು. ಬ್ಯಾಂಕಿನ ಸಾಲದ ಮಿತಿ ಮುಗಿದಿತ್ತು. ಶ್ರೀಶೈಲ ಮೂರು ದಿನ ಊರೂರು ಉದ್ರಿ ಕೇಳುತ್ತ ತಿರುಗಿದ. ನಾಲ್ಕನೆಯ ದಿನ ನಾನು ನಿನಗೆ ಫೋನ್ ಮಾಡಿದೆ.

ಆವತ್ತು ನೀನು ಬಾಗೇವಾಡಿಯ ಪ್ಲಾಟಿಗೆಂದು ಹಣ ಕೂಡಿಟ್ಟಿದ್ದೆ. ತವರು ತೀರಾ ಹತ್ತಿರವಿದ್ದರೆ ದಿನಾ ಜಗಳ, ತೀರಾ ದೂರವಿದ್ದರೆ ಅಳು, ಅದಕ್ಕೆ ಬಾಗೇವಾಡಿ ಸರಿ ಎಂದು ನಿಮ್ಮ ಅವ್ವನಿಗೆ ಹೇಳಿ ನಗಿಸಿದ್ದೆ. ಮುಂಜಾನೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆ ಮುಟ್ಟಬಹುದು, ಸಂಜೆ ಜಗಳವಾಡಿದರೆ ರಾತ್ರಿಯೊಳಗೆ ನಿನ್ನ ಮನೆಗೆ ಹೋಗಬಹುದು. ನನ್ನ ಹೆಸರಿನ ಬಾಗಿಲು ಒಂದು ಇರಲಪ್ಪಾ ಎಂದಿದ್ದೆ. ಇದೆಲ್ಲ ಗೊತ್ತಿದ್ದೂ ಕೇಳಿದೆ. "ಸುಗ್ಗಿ ಆದಕೂಡಲೆ ಕೊಡ್ತೇನಿ, ಯವ್ವಾ" ಎಂದೆ. ನೀನು "ಇರ್ಲಿ ಬಿಡಪ್ಪಾ, ಯಾವ ಅಕೌಂಟಿಗೆ ಹಾಕ್ಲಿ" ಎಂದೆ. ಅಂಗಡಿಯ ಖಾತೆಗೆ ಹಾಕಿದರೆ ಬ್ಯಾಂಕಿನವರು ಸಾಲಕ್ಕೆ ಹಿಡಿದುಕೊಳ್ಳುತ್ತಾರೆ, ನನ್ನ ಉಳಿತಾಯ ಖಾತೆಗೆ ಹಾಕು ಎಂದು ಹೇಳಿದೆನಲ್ಲ, ಅದು ಅರ್ಧ ಸತ್ಯ. ಅಂಗಡಿಯ ಖಾತೆಯಲ್ಲಿ ನಿನ್ನ ಹೆಸರು ಬಂದರೆ ಬ್ಯಾಂಕಿನ ಹುಡುಗರಿಂದ ಹಿಡಿದು ಹಮಾಲರ ತನಕ ಎಲ್ಲರಿಗೂ, ಬಸಂತರಾಯ ಮಗಳ ಹಣದಿಂದ ಅಂಗಡಿ ನಡೆಸುತ್ತಾನೆ ಎಂದು ಗೊತ್ತಾಗುತ್ತಿತ್ತು. ಉಳಿದರ್ಧ ಸತ್ಯ ಇದು. ನಿನ್ನ ಏಳು ಲಕ್ಷ ನನ್ನ ಖಾತೆಗೆ ಬಂತು, ನನ್ನ ಖಾತೆಯಿಂದ ಅದೇ ದಿನ ಸೋಲಾಪುರಕ್ಕೆ ಹೋಯಿತು. ಅಂಗಡಿಯ ಸಾಲ ತೀರಿತು, ತೆರಿಗೆಯೂ ಉಳಿಯಿತು. ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಅದೇ ವರ್ಷದ ಮೇ ತಿಂಗಳಲ್ಲಿ ಇಬ್ರಾಹಿಂಸಾಬರು ವರ್ಷದ ಲೆಕ್ಕ ಮಾಡಲು ನಮ್ಮ ಅಂಗಡಿಗೆ ಬಂದರು. ಆ ಹೊತ್ತಿಗೆ ಮುದ್ದೇಬಿಹಾಳದ ಬೀಗರು, ದಾನೇಶ್ವರಿಯ ತಂದೆ, ಮೊಮ್ಮಗಳನ್ನು ನೋಡಲು ಬಂದವರು ಅಂಗಡಿಯ ಕುರ್ಚಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಇಬ್ರಾಹಿಂಸಾಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸೋಲಾಪುರದ ಬಿಲ್ಲು ಅಂಗಡಿ ಖಾತೆದಾಗಿಂದ ಹೋಗಿಲ್ಲರಿ, ನಿಮ್ಮ ಖಾತೆದಾಗಿಂದ ಹೋಗೇತಿ. ಇದಕ್ಕೇನು ತೊಂದ್ರಿ ಇಲ್ಲ. ಅಂಗಡಿ ಸಾಲ ಸ್ವಂತ ರೊಕ್ಕದಾಗ ತೀರಿಸಿದ್ರೂ ಖರ್ಚು ಅಂಗಡೀದ ಆಕ್ಕೈತಿ. ಆ ರೊಕ್ಕ ಅಂಗಡಿಗೆ ಹೆಂಗ ಬಂತು ಅಂತ ಮಾತ್ರ ಬರೀಬೇಕು. ಯಾರ ಕಡಿಂದರೆ ತಂದೀರೇನು, ನಿಮ್ಮದ?" ಎಂದು ಕೇಳಿದರು. ಬೀಗರ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಹೆಣ್ಣುಮಗಳಿಗೆ ಪಂಚಮಿಗೆ ಉಂಡಿ ಕಟ್ಟಿ, ಸೀರೆ ಕುಬಸ ಕೊಟ್ಟು ಕಳಿಸುವುದು ನಮ್ಮ ಮನೆತನ. ಹೆಣ್ಣುಮಗಳ ಕೈಯಿಂದ ಇಸಕೊಂಡೆ ಎಂದು ಬೀಗರ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. "ನಂದೇರಿ, ಸ್ವಂತ ರೊಕ್ಕ ಅಂತ ಬರಕೊಳ್ರಿ" ಎಂದೆ. ಅವರು ಬರೆದುಕೊಂಡರು. ಅಂಗಡಿಯ ಇಬ್ಬರು ಪಾಲುದಾರರಲ್ಲಿ ಹಿರಿಯ ಪಾಲುದಾರ ಬಸಂತರಾಯನು ತನ್ನ ಸ್ವಂತ ಹಣ ಏಳು ಲಕ್ಷವನ್ನು ಬಂಡವಾಳವಾಗಿ ಹಾಕಿದ್ದಾನೆ ಎಂದು. ಬೀಗರು ಚಹಾ ಮುಗಿಸಿ ನನ್ನನ್ನು ಹೊಸ ಮನುಷ್ಯನನ್ನು ನೋಡಿದ ಹಾಗೆ ನೋಡಿದರು. ನನಗೆ ಅದು ಹಿತವಾಗಿತ್ತು ಎಂದು ಬರೆಯುವಾಗ ಕೈ ತಡೆಯುತ್ತದೆ.

ಮುದ್ದೇಬಿಹಾಳದ ಸುದ್ದಿ ಇದು. ಈ ಮೇ ತಿಂಗಳಲ್ಲಿ ದಾನೇಶ್ವರಿಯ ತಮ್ಮನ ನಿಶ್ಚಯಕ್ಕೆ ನಾವೆಲ್ಲ ಹೋಗಿದ್ದೆವು. ನಾಲತವಾಡದಿಂದ, ತಂಗಡಗಿಯಿಂದ ಅವರ ಬಳಗದವರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಬೀಗರು ನನ್ನ ಪಕ್ಕದಲ್ಲಿ ನಿಂತು ತಾವೇ ತುಪ್ಪ ಬಡಿಸುತ್ತ ಎಲ್ಲರಿಗೂ ಕೇಳುವಂತೆ, "ನಮ್ಮ ಬೀಗರು ಗಟ್ಟಿ ಕುಳ ಅದಾರ. ಅಂಗಡಿ ಬೀಳಾಕ ಬಂದಾಗ ಒಬ್ಬರ ಮುಂದ ಕೈ ಚಾಚಲಿಲ್ಲ, ಸ್ವಂತ ರೊಕ್ಕ ಸುರುವಿ ನಿಲ್ಲಿಸಿದ್ರು" ಎಂದರು. ನಾಲ್ಕು ಜನ ತಲೆ ಎತ್ತಿ ನನ್ನನ್ನು ನೋಡಿದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಳಿಯಿತು. ಮೂರು ಹೋಳಿಗೆ ತಿಂದೆ, ಸಕ್ಕರೆ ಏರಿದ್ದು ಅದಕ್ಕೇ. ಎದುರಿನ ಸಾಲಿನಲ್ಲಿ ನಿಮ್ಮ ಅವ್ವ ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಇಡೀ ದಾರಿ ಕುಳಿತಿದ್ದಳು.

ಜೂನ್ ಕೊನೆಗೆ ತೆರಿಗೆ ಇಲಾಖೆಯ ನೋಟಿಸು ಶ್ರೀಶೈಲನ ಫೋನಿಗೆ ಬಂತು. ಹೆದರಬೇಡ, ಯಾರೂ ಕಳ್ಳರೆಂದು ಹೇಳಿಲ್ಲ. ಉದ್ರಿ ಮುಳುಗಿದ ವರ್ಷದಲ್ಲಿ ಈ ಪಾಲುದಾರರು ಏಳು ಲಕ್ಷ ಬಂಡವಾಳ ಹಾಕಿದ್ದಾರೆ, ಇವರ ಆದಾಯ ನೋಡಿದರೆ ಅಷ್ಟು ಹಣ ಕಾಣುವುದಿಲ್ಲ, ಎಲ್ಲಿಂದ ಬಂತು ತಿಳಿಸಿ ಎಂದು ಕೇಳಿದ್ದಾರೆ, ಅಷ್ಟೇ. ಕೇಳಿದ್ದು ನ್ಯಾಯವಾಗಿಯೇ ಇದೆ. ಸರಿಯಾಗಿ ಹೇಳದಿದ್ದರೆ ಲೆಕ್ಕವಿಲ್ಲದ ಹಣವೆಂದು ಹಿಡಿದು ಅರ್ಧಕ್ಕಿಂತ ಹೆಚ್ಚು ತೆರಿಗೆಯಲ್ಲೇ ಕಳೆಯುತ್ತಾರಂತೆ. ಮರುದಿನವೇ ನಾನೂ ಶ್ರೀಶೈಲನೂ ಸಿಂದಗಿಗೆ ಹೋದೆವು. ಇಬ್ರಾಹಿಂಸಾಬರು ನನ್ನ ಉಳಿತಾಯ ಖಾತೆಯ ಹಾಳೆ ಬಿಡಿಸಿ ನೋಡಿ, ನಿನ್ನ ಹೆಸರಿನ ಮೇಲೆ ಬೆರಳಿಟ್ಟರು. ಬೈದರೆ ಚೆನ್ನಾಗಿತ್ತು. ಬೈಯಲಿಲ್ಲ. "ಮಗಳ ರೊಕ್ಕ ಅಂತ ಆವತ್ತ ಹೇಳಿದ್ರ ಏನ್ ಆಗ್ತಿತ್ರಿ ಬಸಂತರಾವ್ರ? ಅಕಿ ಹೆಸರಿಗೆ ಸಾಲ ಅಂತ ಬರೀತಿದ್ದೆ. ಅಕಿಗೆ ಬಡ್ಡಿ ಕೊಟ್ಟಿದ್ರ ಆ ಬಡ್ಡೀನೂ ಅಂಗಡಿ ಖರ್ಚಿಗೆ ಬರ್ತಿತ್ತು. ಹೋದ ವರ್ಷದ್ದು ಹೋತು, ಈಗ ಅದನ್ನ ಹಿಡಿಯಾಕ ಬರಂಗಿಲ್ಲ" ಎಂದರು.

ಅವರು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಬರೆಯುತ್ತೇನೆ. ಹಣ ನಿನ್ನ ಸಂಬಳದ್ದು, ಬ್ಯಾಂಕಿನಿಂದ ಬ್ಯಾಂಕಿಗೆ ಬಂದದ್ದು, ಆದ್ದರಿಂದ ಇಲಾಖೆಗೆ ಉತ್ತರ ಕೊಡುವುದು ಕಷ್ಟವಲ್ಲ. ನಾನು ಅಪ್ಪನಿಗೆ ಕೊಟ್ಟದ್ದು ನಿಜ ಎಂದು ನಿನ್ನ ಸಹಿಯ ಒಂದು ಕಾಗದ ಬೇಕು. ಆದರೆ ಏನೆಂದು ಕೊಟ್ಟೆ ಎಂಬುದನ್ನು ಅದರಲ್ಲಿ ಬರೆಯಬೇಕು. ಉಡುಗೊರೆ ಎಂದು ಬರೆಯಬಹುದು. ಮಗಳು ತಂದೆಗೆ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ, ಹಣ ನನ್ನದೇ ಆಗುತ್ತದೆ, ನಾನು ಅಂಗಡಿಗೆ ಹಾಕಿದ ಬಂಡವಾಳ ಬಂಡವಾಳವಾಗಿಯೇ ಉಳಿಯುತ್ತದೆ, ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ. ಇಲ್ಲವೆಂದರೆ ಸಾಲ ಎಂದು ಬರೆಯಬಹುದು. ಆಗ ನನ್ನ ಬಂಡವಾಳವೆಂದು ಬರೆದದ್ದನ್ನು ಈ ವರ್ಷದಿಂದ ನಿನ್ನ ಹೆಸರಿನ ಸಾಲಕ್ಕೆ ತಿರುಗಿಸಿ, ಬ್ಯಾಂಕಿಗೆ ಕೊಡುವಷ್ಟೇ ಬಡ್ಡಿ ನಿನಗೂ ಕೊಡಬೇಕು, ಅಸಲು ಕಂತಿನಲ್ಲಿ ಮುಟ್ಟಿಸಬೇಕು. ಬಡ್ಡಿ ಅಂಗಡಿಯ ಖರ್ಚಿಗೆ ಬಂದು ಅಷ್ಟರ ಮೇಲೆ ತೆರಿಗೆ ಉಳಿಯುತ್ತದೆ, ಅಸಲು ಹಾಗೆ ಬರುವುದಿಲ್ಲ. ಬಡ್ಡಿಯ ಮೇಲೆ ನೀನು ಅಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. "ಸರ್ಕಾರಕ್ಕ ಎರಡೂ ಅಷ್ಟರಿ. ಫರಕ ಇದ್ರ ನಿಮ್ಮ ಮನಿಗೆ" ಎಂದು ಇಬ್ರಾಹಿಂಸಾಬರು ಎರಡು ಕಾಗದ ಬೇರೆ ಬೇರೆ ಟೈಪು ಮಾಡಿಸಿ ನನ್ನ ಕೈಗೆ ಕೊಟ್ಟರು.

ಶ್ರೀಶೈಲ ಉಡುಗೊರೆ ಎಂದೇ ಬರೆಸೋಣ ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ. ಅವನು ಮುಂಜಾನೆ ಏಳಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತರ ತನಕ ನಿಂತೇ ಇರುತ್ತಾನೆ, ಪೈಪು ಹೊತ್ತು ಹೊತ್ತು ಬಲ ಭುಜ ಕೆಳಗಿಳಿದಿದೆ. ಬ್ಯಾಂಕಿನವರು ಸಾಲದ ಮಿತಿ ಏರಿಸುವಾಗ ಮನೆಯ ಬಂಡವಾಳ ಎಷ್ಟು, ಹೊರಗಿನ ಸಾಲ ಎಷ್ಟು ಎಂದು ನೋಡುತ್ತಾರೆ, ಸಾಲ ಹೆಚ್ಚು ಕಂಡರೆ ಹಿಂಜರಿಯುತ್ತಾರೆ ಎಂಬುದು ಅವನ ಮಾತು. ಅದು ಸುಳ್ಳಲ್ಲ. ಸಿಂದಗಿಯಿಂದ ಬರುವಾಗ ಮೋಟರ್ ಸೈಕಲ್ಲಿನ ಮುಂದೆ ಕುಳಿತು ಗಾಳಿಯಲ್ಲಿ ಕೂಗಿ ಹೇಳಿದ, "ಅಕ್ಕ ಯಾವತ್ತರೆ ಕೇಳ್ಯಾಳೇನಪಾ? ಕೇಳಂಗಿಲ್ಲ ಅಕಿ. ವರ್ಷಾ ಪಂಚಮಿಗೆ ಸೀರಿ ಕಳಸ್ತೀವಲ್ಲ, ಈ ಸಲ ಛಲೋದು ಇಳಕಲ್ ಸೀರಿ ತಗೊಳ್ಳೂಣು." ಮನೆ ಮುಟ್ಟುವ ತನಕ ಏಳು ಲಕ್ಷಕ್ಕೆ ಒಂದು ಸೀರೆ ಎಂದು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಕ್ಕ ಕೊಡುವವಳು, ನಾವು ತೆಗೆದುಕೊಳ್ಳುವವರು ಎಂಬುದನ್ನು ಅವನಿಗೆ ಕಲಿಸಿದವನು ನಾನೇ. ಅಂಗಡಿಯ ಬೋರ್ಡಿನ ಮೇಲೆ "ಬಸಂತರಾಯ ಆ್ಯಂಡ್ ಸನ್" ಎಂದು ಕೆಂಪು ಬಣ್ಣದಲ್ಲಿ ಬರೆಸಿದವನೂ ನಾನೇ. ಬೋರ್ಡು ಬರೆಸಿದ ದಿನ ನೀನು ಕಾಲೇಜಿನಿಂದ ಬಂದು, ಸೈಕಲ್ಲಿನಿಂದ ಇಳಿಯದೆ ಅದನ್ನು ಓದಿ, "ಅಕ್ಷರ ದುಂಡಗ ಬಂದಾವಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದೆ.

ಇನ್ನೊಂದು ಮಾತು ಮೊನ್ನೆ ತಿಳಿಯಿತು. ದಾನೇಶ್ವರಿ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ನಾನೂ ಶ್ರೀಶೈಲನೂ ಈ ಕಾಗದಗಳ ಮಾತಾಡುತ್ತಿದ್ದೆವು. ಅವಳು ನಮ್ಮ ಮುಂದೆ ಹೆಚ್ಚು ಮಾತಾಡುವವಳಲ್ಲ ಎಂದು ನಿನಗೆ ಗೊತ್ತು. ಬಡಿಯುವುದನ್ನು ನಿಲ್ಲಿಸಿ, "ಮಾವಾರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ಬಾಗೇವಾಡಿ ಪ್ಲಾಟಿಗೆ ಅಕ್ಕಾರು ಐವತ್ತು ಸಾವಿರ ಸಂಚಕಾರ ಕೊಟ್ಟಿದ್ರು. ಮುದ್ದತ್ತಿನ್ಯಾಗ ಉಳಿದ ರೊಕ್ಕ ಕಟ್ಟಾಕಾಗದ ಅದೂ ಮುಳುಗಿತು. ಮನ್ಯಾಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡಿದ್ರು" ಎಂದಳು. ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆಣೆ ಮುರಿದಳೆಂದು ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ಶ್ರೀಶೈಲ ಎದ್ದು ಹೊರಗೆ ಹೋದ. ನಾನು ಅಲ್ಲೇ ಕುಳಿತೆ. ಸುಗ್ಗಿ ಆದಕೂಡಲೇ ಕೊಡುತ್ತೇನೆ ಎಂದವನು ನಾನು. ಅಂದಿನಿಂದ ಒಂದು ಸುಗ್ಗಿ ಬಂದು ಹೋಗಿದೆ. ಆ ಸುಗ್ಗಿಯಲ್ಲಿ ಬಂದ ಉದ್ರಿಯಿಂದ ಹೊಸ ಮಾಲು ತುಂಬಿಸಿದೆವು, ಗೋಡೌನಿಗೆ ತಗಡು ಹಾಕಿಸಿದೆವು. ನಿನ್ನ ನೆನಪು ಆಗಲಿಲ್ಲವೆಂದಲ್ಲ ಮಗಳೇ. ಆಗುತ್ತಿತ್ತು, ಇನ್ನೊಂದು ತಿಂಗಳು ಹೋಗಲಿ ಎಂದು ಪಕ್ಕಕ್ಕೆ ಸರಿಸುತ್ತಿದ್ದೆ. ನೀನು ಒಂದು ಸಲವೂ ಕೇಳಲಿಲ್ಲ, ನಾನು ಅದನ್ನೇ ಅನುಕೂಲ ಮಾಡಿಕೊಂಡೆ.

ನನಗೆ ಬಹಳ ಕೆಟ್ಟೆನಿಸುತ್ತಿದೆ. ಸಾಲ ಕೊಟ್ಟವರು ಅಂಗಡಿಯ ಮುಂದೆ ಬಂದು ಕೂಗಾಡಿದ್ದನ್ನು ನಾನು ಕಂಡಿದ್ದೇನೆ, ಅವರ ಎದುರು ಎದೆ ಕೊಟ್ಟು ನಿಂತಿದ್ದೇನೆ. ನೀನು ಕೂಗಾಡಲಿಲ್ಲ, ಅದಕ್ಕೇ ನಿನ್ನ ಫೋನು ಬಂದರೆ ನಾನು ಎದ್ದು ಹೋಗುತ್ತೇನೆ. ಹಡೆದ ಮಗಳ ದನಿ ಕೇಳಿ ಅಪ್ಪ ಹೆದರಬೇಕೇ? ಎಲ್ಲ ನನ್ನ ದೊಡ್ಡಸ್ತಿಕೆಯಿಂದ ಆದದ್ದು. ಆವತ್ತು ಬೀಗರ ಎದುರು ನನ್ನ ಮಗಳು ಕೊಟ್ಟಳು ಎಂದಿದ್ದರೆ ನನ್ನ ಮೀಸೆ ಏನೂ ಉದುರುತ್ತಿರಲಿಲ್ಲ.

ಎರಡೂ ಕಾಗದಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಉಡುಗೊರೆ ಎಂದು ಇರುವುದು ಒಂದು, ಸಾಲ ಎಂದು ಇರುವುದು ಇನ್ನೊಂದು. ಶ್ರೀಶೈಲನ ಮಾತು ಏನೆಂದು ಬರೆದಿದ್ದೇನೆ, ಇಬ್ರಾಹಿಂಸಾಬರ ಮಾತೂ ಬರೆದಿದ್ದೇನೆ. ನಾನು ಇಂಥದ್ದೇ ಎಂದು ಹೇಳುವುದಿಲ್ಲ. ಹಣ ನಿನ್ನದು, ತಿಳಿದವಳು ನೀನು, ನಿನಗೆ ಸರಿ ಕಂಡದ್ದಕ್ಕೆ ಸಹಿ ಮಾಡಿ ಕಳಿಸು. ಯಾವುದಕ್ಕೆ ಮಾಡಿದರೂ ಅಪ್ಪನಿಗೆ ಬೇಸರವಿಲ್ಲ. ಉತ್ತರ ಕೊಡಲು ಇಲಾಖೆಯವರು ತಿಂಗಳ ಕೊನೆಯ ತನಕ ಸಮಯ ಕೊಟ್ಟಿದ್ದಾರೆ, ಆದ್ದರಿಂದ ತಡಮಾಡಬೇಡ. ನಿನ್ನ ಬ್ಯಾಂಕಿನ ಆ ತಿಂಗಳ ಹಾಳೆಯನ್ನೂ ಜೊತೆಗಿಡು.

ಉಂಡಿಯ ಡಬ್ಬಿ ಬೇರೆ ಪಾರ್ಸಲ್ಲಿನಲ್ಲಿ ಬರುತ್ತದೆ. ಶೇಂಗಾದ್ದು, ಎಳ್ಳಿನದು, ಬುಂದಿಯದು ಎಲ್ಲ ಇವೆ. ಸಂಗಡದ ನರ್ಸಮ್ಮಗಳಿಗೂ ಕೊಡು, ಎಲ್ಲವನ್ನೂ ಕೊಟ್ಟುಬಿಡಬೇಡ, ನಿನ್ನ ಸ್ವಭಾವ ನಿಮ್ಮ ಅವ್ವನಿಗೆ ಗೊತ್ತಿರುವುದರಿಂದ ಬರೆ ಎಂದು ಒಳಗಿನಿಂದ ಹೇಳುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಂಗಡಗಿ ನೀಲಮ್ಮನ ದಯೆ ನಿನ್ನ ಮೇಲೆ ಸದಾ ಇರಲಿ. ಶ್ರೀಶೈಲ, ದಾನೇಶ್ವರಿ ನಮಸ್ಕಾರ ತಿಳಿಸಿದ್ದಾರೆ, ಶ್ರಾವಣಿ ಕಾಗದದ ಮೂಲೆಗೆ ಒಂದು ಗೀಟು ಎಳೆದಿದ್ದಾಳೆ, ಅದು ಜೋಕಾಲಿಯಂತೆ.

ನಿನ್ನ ಅಪ್ಪ,
ಬಸಂತರಾಯ

ತಾ. ಕ.: ಸೋಮವಾರ ಮುಂಜಾನೆ. ಅಂಚೆ ಕಚೇರಿಗೆ ಹೊರಟು ನಿಂತು ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಟಿಸುವ ಮುಂಚೆ ಕಾಗದ ಓದಿ ಹೇಳುವುದು ನಮ್ಮ ಮನೆಯ ರೂಢಿಯಲ್ಲವೇ, ನಿಮ್ಮ ಅವ್ವನಿಗೆ ಈಗ ಓದಿದೆ. ಉಂಡಿ ಡಬ್ಬಿಗೆ ಅರಿವೆ ಕಟ್ಟುತ್ತ ಕೇಳಿದಳು. ಓದಿ ಮುಗಿದ ಮೇಲೆ, "ಎರಡೂ ಕಾಗದ ಇಟ್ಟೀರೇನ್ರಿ? ಅಕಿ ಯಾವುದಕ್ಕ ಸೈ ಮಾಡ್ತಾಳ ಅನ್ನೂದು ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಗೊತ್ತಿದ್ದೂ ಅಕೀನ್ನ ಕೇಳಾಕತ್ತೀರಿ" ಎಂದಳು. ಸರಿ ಕಂಡದ್ದಕ್ಕೆ ಸಹಿ ಮಾಡು ಎಂದು ಮೇಲೆ ದೊಡ್ಡ ಮನುಷ್ಯನ ಹಾಗೆ ಬರೆದಿದ್ದೇನಲ್ಲ, ನೀನು ಉಡುಗೊರೆಗೇ ಸಹಿ ಮಾಡುತ್ತೀ ಎಂಬ ಧೈರ್ಯದ ಮೇಲೆ ಬರೆದದ್ದು ಅದು. ಆ ಉಡುಗೊರೆಯ ಕಾಗದ ತೆಗೆದು ಹರಿದು ಒಲೆಗೆ ಹಾಕಿದ್ದೇನೆ. ಲಕೋಟೆಯಲ್ಲಿ ಈಗ ಸಾಲದ ಕಾಗದ ಒಂದೇ ಇದೆ. ಪಡೆದವನ ಜಾಗದಲ್ಲಿ ನನ್ನ ಸಹಿ ಇದೆ, ಸಾಕ್ಷಿಯ ಜಾಗದಲ್ಲಿ ಸುಮಿತ್ರಾಬಾಯಿ ಎಂದು ನಿಮ್ಮ ಅವ್ವ ಬರೆದಿದ್ದಾಳೆ, ಅಕ್ಷರ ಅಂಕುಡೊಂಕು ಆಗಿವೆ, ಕಣ್ಣಲ್ಲಿ ನೀರಿತ್ತು. ಮೊದಲ ಕಂತು ಎರಡು ಲಕ್ಷ, ನಿಂಬೆ ತೋಟದವರಿಂದ ಬಂದದ್ದು, ಹೊಸ ಮಾಲಿಗೆಂದು ಇಟ್ಟಿದ್ದೆವು, ಅದನ್ನು ಇವತ್ತೇ ಅಂಗಡಿಯ ಖಾತೆಯಿಂದ ನಿನ್ನ ಹೆಸರಿಗೆ ಹಾಕುತ್ತೇನೆ. ಶ್ರೀಶೈಲನಿಗೆ ಇನ್ನೂ ಹೇಳಿಲ್ಲ, ಹೋಗುತ್ತ ಹೇಳುತ್ತೇನೆ. ಬಡ್ಡಿ ಖರ್ಚಿಗೆ ಬರುತ್ತದೆ ಎಂಬಲ್ಲಿಂದ ಶುರು ಮಾಡುತ್ತೇನೆ, ಆ ಮಾತು ಅವನಿಗೆ ಬೇಗ ತಿಳಿಯುತ್ತದೆ. ಮುದ್ದೇಬಿಹಾಳದ ಬೀಗರಿಗೆ ಈಗ ತಾನೇ ಫೋನ್ ಮಾಡಿ, ಆ ರೊಕ್ಕ ನನ್ನದಲ್ಲ, ನನ್ನ ಮಗಳದು ಎಂದು ಹೇಳಿ ಇಟ್ಟೆ. ಬಾಗೇವಾಡಿಯವರಿಗೆ ಸಂಚಕಾರ ಕೊಟ್ಟುಬಿಡು. ಈ ಕಾಗದ ಓದಿ ನನಗೆ ಫೋನ್ ಮಾಡು, ನಾನೇ ಎತ್ತುತ್ತೇನೆ. ಬೇಕಾದರೆ ಬೈ, ಬೇಕಾದರೆ ಅಳು. "ಇರ್ಲಿ ಬಿಡಪ್ಪಾ" ಎಂದು ಮಾತ್ರ ಅನ್ನಬೇಡ ನನ್ನವ್ವಾ, ಆ ಒಂದು ಮಾತಿನ ಮೇಲೆ ನಾವು ಬಹಳ ದಿನ ಉಂಡಿದ್ದೇವೆ.